ಗಿಡಮೂಲಿಕೆ ಮದ್ದು ಚರ್ಮ ದಾಟುತ್ತದಾ? ಕಲಬುರಗಿ, ಬೀದರ್, ಯಾದಗಿರಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕಲಬುರಗಿಯಲ್ಲಿ ಔಷಧ ತಯಾರಿಕೆಯ ಪಾಠ ಮಾಡುವವನು. ಇದು ಗೊತ್ತಾದ ಕೂಡಲೇ ಜನ ಕೇಳೋದು ಹೆಚ್ಚಾಗಿ ಒಂದೇ ಬಗೆಯ ಮಾತು: ಈ ಸೊಪ್ಪು ಹಚ್ಚಬಹುದಾ, ಆ ಎಣ್ಣೆ ಹಚ್ಚಬಹುದಾ? ಮಾತುಕತೆಯಲ್ಲಿ, ಪತ್ರದಲ್ಲಿ, ಕಮೆಂಟಿನಲ್ಲಿ ಬಂದವನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ಮೊದಲು ಮನೆಯ ವಿಷಯ, ಆಮೇಲೆ ಪ್ರಯೋಗಾಲಯದ್ದು. ನಾನು ಡಾಕ್ಟರ್ ಅಲ್ಲ. ರೋಗ ಯಾವುದು ಅಂತ ಗುರುತಿಸೋದು ಅವರ ಕೆಲಸ. ಮದ್ದು ಚರ್ಮ ದಾಟುತ್ತದೋ ಇಲ್ಲವೋ ಅಂತ ನೋಡೋದು ನಮ್ಮ ಕೆಲಸ.

### ಮನೆಯ ಮಟ್ಟಿಗೆ

ಅರಿಶಿಣ, ಬೇವು, ತುಳಸಿ ಇವೆಲ್ಲಾ ಖರೇನೇ ಕ್ರಿಮಿ ಕೊಲ್ತಾವೇನ್ರಿ?

ಕೊಲ್ಲುತ್ತವೆ, ಅನುಮಾನ ಬೇಡ. ಅರಿಶಿಣದ ಕರ್ಕ್ಯುಮಿನ್, ತುಳಸಿ ಮತ್ತು ಲವಂಗದ ಯೂಜೆನಾಲ್, ಅಜವಾನದ ಥೈಮಾಲ್, ಬೆಳ್ಳುಳ್ಳಿ ಜಜ್ಜಿದಾಗ ಹುಟ್ಟುವ ಅಲಿಸಿನ್, ಬೇವಿನೆಣ್ಣೆಯ ನಿಂಬಿಡಿನ್, ಇವೆಲ್ಲ ಪ್ರಯೋಗಾಲಯದ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯುತ್ತವೆ.

ಎಷ್ಟು ಬೇಕು ಅನ್ನೋದರಲ್ಲಿ ತೊಡಕಿದೆ. ಒಳ್ಳೆಯ ಆಂಟಿಬಯಾಟಿಕ್ ಒಂದು ಮಿಲಿಲೀಟರಿಗೆ 10 ಮೈಕ್ರೋಗ್ರಾಂಗಿಂತ ಕಡಿಮೆ ಇದ್ದರೂ ಸಾಮಾನ್ಯವಾಗಿ ಕೆಲಸ ಮಾಡುತ್ತದೆ. ಗಿಡದ ಅಂಶಗಳಿಗೆ ಹೆಚ್ಚಿನ ಸಲ 100ರಿಂದ 1000 ಮೈಕ್ರೋಗ್ರಾಂ ಬೇಕು. ಅಷ್ಟನ್ನು ಕ್ರಿಮಿ ಕೂತ ಜಾಗಕ್ಕೇ ಮುಟ್ಟಿಸಬೇಕು. ಮುಟ್ಟಿಸುವಾಗ ನಮ್ಮ ಚರ್ಮ ಸುಡಬಾರದು. ಕೆಳಗಿನ ಉತ್ತರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಈ ಒಂದು ತೊಡಕಿನ ಸುತ್ತಲೇ ಇವೆ.

ಚರ್ಮಕ್ಕ ಹಚ್ಚಿದ್ದು ಒಳಗ ಹೋಗ್ತದಾ? ಕೆರಿಯಾಗ ತಾಸುಗಟ್ಲೆ ಈಜಿದ್ರೂ ನೀರು ಹೋಗಲ್ಲ, ಮದ್ದು ಹೆಂಗ ಹೋಗ್ತದ?

ಒಳ್ಳೆಯ ಪ್ರಶ್ನೆ. ಚರ್ಮದ ತೀರಾ ಮೇಲಿನ ಪದರ ಸತ್ತ ಕೋಶಗಳದ್ದು. ಮೈಯ ಹೆಚ್ಚಿನ ಕಡೆ ಅದರ ದಪ್ಪ 10ರಿಂದ 20 ಮೈಕ್ರೋಮೀಟರ್, ಅಂದರೆ ಮಿಲಿಮೀಟರಿನ ನೂರರಲ್ಲಿ ಒಂದೆರಡು ಪಾಲು ಅಷ್ಟೇ. ಶಹಾಬಾದ್ ಕಲ್ಲನ್ನು ಒಂದರ ಮೇಲೊಂದು ಪೇರಿಸಿ ನಡುವೆ ಗಾರೆ ತುಂಬಿದ ಗೋಡೆಯ ಹಾಗಿದೆ ಅದು. ಕಲ್ಲು ಅಂದರೆ ಚಪ್ಪಟೆಯಾದ ಸತ್ತ ಕೋಶ. ಗಾರೆ ಅಂದರೆ ಸೆರಮೈಡ್, ಕೊಲೆಸ್ಟ್ರಾಲ್, ಕೊಬ್ಬಿನಾಮ್ಲ ಸೇರಿದ ಜಿಡ್ಡು. ಹೊರಗಿನ ವಸ್ತು ಒಳಗೆ ಇಳಿಯಬೇಕಾದರೆ ಆ ಜಿಡ್ಡಿನ ಸಂದಿಯಲ್ಲೇ ಸುತ್ತಿ ಬಳಸಿ ಹೋಗಬೇಕು. ಅದಕ್ಕೆ ಎರಡು ಗುಣ ಬೇಕು. ಅಣು ಚಿಕ್ಕದಿರಬೇಕು, ಸುಮಾರು 500 ಡಾಲ್ಟನ್ (ಅಣುವಿನ ತೂಕದ ಅಳತೆ) ಒಳಗೆ. ಜಿಡ್ಡಿನಲ್ಲೂ ಕರಗಬೇಕು, ಸ್ವಲ್ಪ ಮಟ್ಟಿಗೆ ನೀರಿನಲ್ಲೂ ಕರಗಬೇಕು.

ಇದನ್ನು ಕಣ್ಣಾರೆ ನೋಡಬೇಕಾ? ಮೆಹಂದಿ ಹಚ್ಚಿಕೊಂಡ ಕೈ ನೋಡಿ. ಬಣ್ಣ ಕೊಡುವ ಲಾಸೋನ್ ಅಣು 174 ಡಾಲ್ಟನ್, ಚಿಕ್ಕದೇ. ಆದರೂ ಬಹುಪಾಲು ಮೇಲಿನ ಸತ್ತ ಪದರದಲ್ಲೇ ಅಂಟಿ ಕೂರುತ್ತದೆ. ಆ ಪದರ ದಪ್ಪಗಿರುವ ಅಂಗೈಯಲ್ಲಿ ಕಡುಗೆಂಪು, ತೆಳುವಾಗಿರುವ ಅಂಗೈ ಹಿಂಬದಿಯಲ್ಲಿ ಮಾಸಲು. ಎರಡು ಮೂರು ವಾರಕ್ಕೆ ಆ ಪದರ ಉದುರಿ ಹೋಗುತ್ತದೆ, ಬಣ್ಣವೂ ಅದರ ಜೊತೆ ಹೋಗುತ್ತದೆ. ನೀವು ಹಚ್ಚುವ ಬಹಳಷ್ಟು ಸೊಪ್ಪಿನ ರಸ ಇಷ್ಟು ಆಳಕ್ಕೂ ಇಳಿಯುವುದಿಲ್ಲ. ಬಣ್ಣ ಇಲ್ಲದ್ದಕ್ಕೆ ನಮಗೆ ಗೊತ್ತಾಗುವುದಿಲ್ಲ ಅಷ್ಟೇ.

ಕುರು ಆದ್ರ ಅರಿಶಿಣ-ಸುಣ್ಣ ಕಲಸಿ ಹಚ್ಚೋದು ನಮ್ಮ ಮನಿ ಪದ್ಧತಿ. ಸರಿ ಅದ ಏನ್ರಿ?

ಒಂದು ಚಿಕ್ಕ ತಟ್ಟೆಯಲ್ಲಿ ಚಿಟಿಕೆ ಅರಿಶಿಣ, ಎರಡು ಹನಿ ನೀರು ಹಾಕಿ ಕಲಸಿ. ಎಲೆ-ಅಡಿಕೆಯ ಸುಣ್ಣವನ್ನು ಕಡ್ಡಿ ತುದಿಯಲ್ಲಿ ತೆಗೆದು ಅದಕ್ಕೆ ಮುಟ್ಟಿಸಿ. ಮುಟ್ಟಿಸಿದ ಕಡೆ ಹಳದಿ ಹೋಗಿ ಕೆಂಪು ಏಳುತ್ತದೆ. ಕುಂಕುಮ ಮಾಡೋದೂ ಹೀಗೇ. ಆ ಕೆಂಪು ಅಂದರೆ ಕರ್ಕ್ಯುಮಿನ್ ಕ್ಷಾರಕ್ಕೆ ಸಿಕ್ಕಿದೆ ಅಂತ. ಕ್ಷಾರದಲ್ಲಿ ಅದು ಬಾಳುವುದಿಲ್ಲ. ಪಿಎಚ್ (ಹುಳಿ-ಕ್ಷಾರದ ಅಳತೆ, 7 ಅಂದರೆ ನಡುಮಟ್ಟ) 7 ದಾಟಿದ ಸಾದಾ ದ್ರಾವಣದಲ್ಲೇ ಹತ್ತು ನಿಮಿಷದೊಳಗೆ ಅರ್ಧಕ್ಕಿಂತ ಜಾಸ್ತಿ ಒಡೆದು ಹೋಗುತ್ತದೆ. ಸುಣ್ಣದ ಪಿಎಚ್ ಸುಮಾರು 12. ಕ್ರಿಮಿ ಕೊಲ್ಲಲಿ ಅಂತ ಹಚ್ಚಿದ ಅಂಶವನ್ನು ನಾವೇ ಸುಣ್ಣ ಹಾಕಿ ಕೆಡಿಸಿದ ಹಾಗಾಯಿತು.

ಇನ್ನೊಂದು ಕಡೆ, ನಮ್ಮ ಚರ್ಮ ಸ್ವಲ್ಪ ಹುಳಿ ಗುಣದ್ದು, ಪಿಎಚ್ 5ರ ಆಸುಪಾಸು. ಆ ಹುಳಿಯೇ ಒಂದು ಕಾವಲು. ಸುಣ್ಣ ಅದನ್ನು ಹಾಳು ಮಾಡುತ್ತದೆ, ಜಾಸ್ತಿ ಹೊತ್ತು ಇದ್ದರೆ ಸುಡುತ್ತದೆ.

ಹಾಗಾದರೆ ಅಜ್ಜಿ ಹಚ್ಚಿದಾಗ ವಾಸಿ ಆಗುತ್ತಿತ್ತಲ್ಲ? ಸಣ್ಣ ಕುರು ಒಂದೆರಡು ವಾರದಲ್ಲಿ ತಾನೇ ಹಣ್ಣಾಗಿ ಒಡೆಯುತ್ತದೆ. ಕೊನೆಗೆ ಯಾವುದು ಹಚ್ಚಿದ್ದೆವೋ ಅದಕ್ಕೆ ಹೆಸರು ಹೋಗುತ್ತದೆ. ಕೀವು ಹೊರಗೆ ಬರಬೇಕು, ಅದೇ ಮುಖ್ಯ. ಬಿಸಿ ನೀರಲ್ಲಿ ಅದ್ದಿ ಹಿಂಡಿದ ಸ್ವಚ್ಛ ಬಟ್ಟೆಯಿಂದ ದಿನಕ್ಕೆ ಮೂರ್ನಾಲ್ಕು ಸಲ, ಹತ್ತು ಹದಿನೈದು ನಿಮಿಷ ಕಾವು ಕೊಡಿ. ಒತ್ತಿ ಹಿಂಡಬೇಡಿ. ಮೂಗು, ಮೇಲ್ದುಟಿಯ ಮೇಲಿನ ಕುರುವನ್ನಂತೂ ಮುಟ್ಟಲೇಬೇಡಿ. ಅಲ್ಲಿಯ ರಕ್ತನಾಳಗಳಿಗೆ ಮಿದುಳಿನ ಕಡೆಗೆ ದಾರಿ ಇದೆ.

ಅಡುಗಿ ಮನಿ ಅರಿಶಿಣ ಪುಡಿನೇ ಗಾಯಕ್ಕ ತುಂಬಬಹುದಾ?

ತರಚಿದ ಗಾಯದ ಮೇಲೆ ಚಿಟಿಕೆ ಬಿದ್ದರೆ ಆಕಾಶ ಏನೂ ಕಳಚಿ ಬೀಳುವುದಿಲ್ಲ. ಬಾಯಿ ಬಿಟ್ಟ ಗಾಯಕ್ಕೆ ತುಂಬೋದು ಮಾತ್ರ ಬೇಡ. ಪುಡಿಯಲ್ಲಿ ಕರ್ಕ್ಯುಮಿನ್ ಇರೋದು ತೂಕದ ಶೇ. 3ರಷ್ಟು. ಉಳಿದದ್ದು ಪಿಷ್ಟ, ನಾರು, ಎಣ್ಣೆ. ಮಸಾಲೆ ಪುಡಿಗಳಲ್ಲಿ ಬ್ಯಾಕ್ಟೀರಿಯಾದ ಬೀಜಕಗಳು ಮಾಮೂಲಿ. ಅಡುಗೆಗೆ ಪರವಾಗಿಲ್ಲ, ಗಾಯಕ್ಕೆ ಆಗೋದಿಲ್ಲ. ಮೇಲಿಂದ ಕಲಬೆರಕೆ: ಬಣ್ಣಕ್ಕೆ ಮೆಟಾನಿಲ್ ಯೆಲ್ಲೋ, ಸೀಸದ ಕ್ರೋಮೇಟ್ ಬೆರೆಸಿದ ಪುಡಿ ಸಿಕ್ಕಿದ ಉದಾಹರಣೆಗಳಿವೆ. ನಲ್ಲಿ ನೀರು ಬಿಟ್ಟು ಸೋಪು ಹಾಕಿ ಚೆನ್ನಾಗಿ ತೊಳೆಯೋದು ಎಲ್ಲಕ್ಕಿಂತ ದೊಡ್ಡ ಮದ್ದು.

ಹೊಲದಾಗ ತೊಗರಿ ಕೂಳಿ ಕಾಲಿಗೆ ಚುಚ್ಚೇದ. ಮ್ಯಾಲೆ ಸೊಪ್ಪಿನ ರಸ ಹಿಂಡಿದ್ರ ಸಾಕಾಗ್ತದಾ?

ಸಾಕಾಗುವುದಿಲ್ಲ. ಡಿಸೆಂಬರ್-ಜನವರಿಯಲ್ಲಿ ತೊಗರಿ ಕೊಯ್ದ ಹೊಲದಲ್ಲಿ ನಡೆದವರಿಗೆ ಗೊತ್ತು, ಓರೆಯಾಗಿ ಕತ್ತರಿಸಿದ ಕೂಳೆ ಚಪ್ಪಲಿಯನ್ನೂ ತೂರಿ ಬರುತ್ತದೆ. ಇಂಥ ಗಾಯದ ಬಾಯಿ ಸಣ್ಣದು, ಒಳಗೆ ಆಳ. ಬಾಯಿ ಬೇಗ ಮುಚ್ಚಿಕೊಳ್ಳುತ್ತದೆ. ಮಣ್ಣಿನಲ್ಲಿರುವ ಧನುರ್ವಾಯು ಬ್ಯಾಕ್ಟೀರಿಯಾಕ್ಕೆ ಗಾಳಿ ಇಲ್ಲದ ಜಾಗವೇ ಬೇಕು. ಮೇಲೆ ಏನೇ ಹಿಂಡಿದರೂ ಅಲ್ಲಿಗೆ ಮುಟ್ಟುವುದಿಲ್ಲ. ತೊಳೆಯಿರಿ, ಒಳಗೆ ಮುರಿದ ಸಿಬಿರು ಉಳಿದಿದೆಯಾ ತೋರಿಸಿ, ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ. ಸಗಣಿ, ಮಣ್ಣು, ಬೂದಿ ಮೆತ್ತೋದಂತೂ ಬೇಡವೇ ಬೇಡ.

ಗಜಕರ್ಣಕ್ಕ ಯಾವ ತಪ್ಪಲ ಛಲೋ?

ಗಜಕರ್ಣ ಬ್ಯಾಕ್ಟೀರಿಯಾದಿಂದ ಬರುವುದಲ್ಲ, ಶಿಲೀಂಧ್ರದಿಂದ. ಹಾಗಾಗಿ ಇಲ್ಲಿ ಹೇಳುವ ಅರ್ಧ ಮಾತು ಅದಕ್ಕೆ ಹೊಂದುವುದಿಲ್ಲ. ಸೀಮೆ ಅಗಸೆ ಎಲೆಗೆ ಈ ವಿಷಯದಲ್ಲಿ ಹಳೆಯ ಹೆಸರಿದೆ. ನನಗೆ ಹೆದರಿಕೆ ಇರೋದು ಸೊಪ್ಪಿನದಲ್ಲ, ಮೆಡಿಕಲ್ ಅಂಗಡಿಯಲ್ಲಿ ಚೀಟಿ ಇಲ್ಲದೆ ಕೊಡುವ ಸ್ಟೆರಾಯ್ಡ್ ಬೆರೆತ ಕ್ರೀಮಿನದು. ಎರಡೇ ದಿನಕ್ಕೆ ತುರಿಕೆ ನಿಲ್ಲುತ್ತದೆ, ಒಳಗೆ ಶಿಲೀಂಧ್ರ ಹಬ್ಬುತ್ತಲೇ ಇರುತ್ತದೆ. ಮಾಮೂಲಿ ಗುಳಿಗೆಗೂ ಬಗ್ಗದ ಗಜಕರ್ಣ ಈಗ ನಮ್ಮ ದೇಶದಲ್ಲಿ ಜಾಸ್ತಿಯಾಗಿದೆ. ಚರ್ಮದ ಡಾಕ್ಟರಿಗೇ ತೋರಿಸಿ.

ಕೂಸಿನ ಹೊಕ್ಕಳಿಗೆ ಅರಿಶಿಣ-ಎಣ್ಣಿ, ನೆಗಡಿ ಆದ್ರ ಎದಿಗೆ ಕರ್ಪೂರದ ಎಣ್ಣಿ ಹಚ್ತೀವಿ. ಏನೂ ಆಗಲ್ಲಲ್ರಿ?

ಆಗುತ್ತದವ್ವಾ, ಅದಕ್ಕೇ ಬೇಡ ಅನ್ನೋದು. ದೊಡ್ಡವರಲ್ಲಿ ಮದ್ದು ಒಳಗೆ ಹೋಗಲ್ಲ ಅನ್ನೋದು ಚಿಂತೆ. ಎಳೆಗೂಸಿನಲ್ಲಿ ಉಲ್ಟಾ, ಬೇಡದ್ದೂ ಹೋಗುತ್ತದೆ. ಕೂಸಿನ ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ದೊಡ್ಡದು. ತಿಂಗಳು ತುಂಬದೆ ಹುಟ್ಟಿದ್ದಾದರೆ ಮೇಲಿನ ಪದರ ಇನ್ನೂ ಬಲಿತಿರುವುದಿಲ್ಲ. ಕರ್ಪೂರ ಮೈಗೆ ಸೇರಿದರೆ ಮಕ್ಕಳಲ್ಲಿ ಫಿಟ್ಸ್ ಬರಿಸಬಲ್ಲದು. ಬೇವಿನೆಣ್ಣೆ ಹೊಟ್ಟೆಗೆ ಹೋಗಿ ಕೂಸುಗಳು ಅಪಾಯಕ್ಕೆ ಸಿಕ್ಕಿದ್ದೂ ದಾಖಲಾಗಿದೆ. ಜಿ6ಪಿಡಿ ಅನ್ನುವ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುವ ಮಕ್ಕಳಿಗೆ ಮೆಹಂದಿ ಹಚ್ಚಿದಾಗ ರಕ್ತಕಣ ಒಡೆದು ಕಾಮಾಲೆ ಆದ ಉದಾಹರಣೆಗಳಿವೆ. ಹೊಕ್ಕಳನ್ನು ಒಣಗಿದಂತೆ ಇಡಿ, ಏನೂ ಹಚ್ಚಬೇಡಿ.

ಎತ್ತಿನ ಹೆಗಲ ಹುಣ್ಣಿಗೆ ಬೇವಿನೆಣ್ಣಿ ನಡೀತದಾ?

ದೇವಣಿ ಎತ್ತು ಸಾಕಿದ ಬೀದರ್ ಕಡೆಯವರ ಪ್ರಶ್ನೆ ಇದು. ನೊಣ ಕೂರದಂತೆ ತಡೆಯಲು ಹುಣ್ಣಿನ ಸುತ್ತ ಹಚ್ಚಿದರೆ ಉಪಯೋಗ ಇದೆ. ಆದರೆ ನೊಗ ಉಜ್ಜುತ್ತಲೇ ಇದ್ದರೆ ಯಾವ ಎಣ್ಣೆಯೂ ನಾಟುವುದಿಲ್ಲ. ಮೊದಲು ನೊಗ ಇಳಿಸಿ. ಹುಳ ಬಿದ್ದಿದ್ದರೆ ಪಶು ವೈದ್ಯರನ್ನು ಕರೆಸಿ. ಬೀದರಿನವರಿಗೆ ನಂದಿನಗರದಲ್ಲೇ ಪಶುವೈದ್ಯಕೀಯ ವಿಶ್ವವಿದ್ಯಾಲಯ ಇದೆ, ಅಲ್ವಾ?

ಮನಿ ಮದ್ದು ಸಾಕು, ದವಾಖಾನಿಗೆ ಹೋಗಬೇಕು ಅಂತ ಯಾವಾಗ ತಿಳೀಬೇಕು?

ಕೆಂಪು ದಿನದಿಂದ ದಿನಕ್ಕೆ ಹರಡುತ್ತಿದ್ದರೆ. ಪೆನ್ನಿನಿಂದ ಅದರ ಅಂಚಿಗೆ ಗೆರೆ ಎಳೆದಿಡಿ, ಮರುದಿನ ಗೆರೆ ದಾಟಿದೆಯಾ ನೋಡಿ. ಗಾಯದಿಂದ ಮೇಲಕ್ಕೆ ಕೆಂಪು ಗೀರು ಎದ್ದರೆ, ಜ್ವರ-ಚಳಿ ಬಂದರೆ, ಚರ್ಮ ಕಪ್ಪಾದರೆ, ನೋಡಲು ಸಣ್ಣ ಗಾಯ ಆದರೂ ತಡೆಯಲಾಗದ ನೋವಿದ್ದರೆ ಅದೇ ದಿನ ಹೋಗಿ. ಕಲಬುರಗಿಯಲ್ಲಿ ಜಿಮ್ಸ್, ಬೀದರಿನಲ್ಲಿ ಬ್ರಿಮ್ಸ್ ಸರ್ಕಾರಿ ಆಸ್ಪತ್ರೆಗಳಿವೆ. ಯಾದಗಿರಿಯಲ್ಲೂ ಸರ್ಕಾರಿ ವೈದ್ಯಕೀಯ ಕಾಲೇಜು ಆಗಿದೆ.

ಶುಗರ್ ಇರುವವರ ಕಾಲಿನ ಗಾಯಕ್ಕೆ ಈ ಲಕ್ಷಣ ಬರಲಿ ಅಂತ ಕಾಯಬೇಡಿ. ಪಾದದ ಸ್ಪರ್ಶ ಕಡಿಮೆಯಾಗಿರುತ್ತದೆ, ರಕ್ತ ಓಡಾಟವೂ ಕಡಿಮೆ. ನೋವಿಲ್ಲ ಅಂತ ಸುಮ್ನೆ ಇದ್ದವರೇ ಬೆರಳು ಕಳೆದುಕೊಳ್ಳೋದು. ಮಕ್ಕಳಲ್ಲಿ ಚರ್ಮದ ಹುಣ್ಣು ಆದ ಕೆಲವು ವಾರಗಳ ಮೇಲೆ ಮುಖ ಊದಿಕೊಂಡು ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ ಅದು ಕಿಡ್ನಿಯ ತೊಂದರೆ. ಸ್ಟ್ರೆಪ್ಟೊಕಾಕಸ್ ಸೋಂಕಿನ ಬೆನ್ನಿಗೆ ಹೀಗಾಗುವುದುಂಟು.

### ಮದ್ದು ಚರ್ಮ ದಾಟುವ ಬಗೆ

ಮುಲಾಮು, ಅಂಟಿಸೋ ಪಟ್ಟಿ ಎರಡೂ ಒಂದೇ ಅಲ್ವಾ?

ಅಲ್ಲ. ಮುಲಾಮು ಹಚ್ಚಿದ ಜಾಗದಲ್ಲೇ ಕೆಲಸ ಮಾಡಬೇಕು. ಪಟ್ಟಿ ಚರ್ಮದ ಮೂಲಕ ಮದ್ದನ್ನು ರಕ್ತಕ್ಕೆ ಕಳಿಸಬೇಕು. ಅಮೆರಿಕದಲ್ಲಿ ಮೊದಲ ಪಟ್ಟಿಗೆ ಒಪ್ಪಿಗೆ ಸಿಕ್ಕಿದ್ದು 1979ರಲ್ಲಿ. ಪ್ರಯಾಣದ ವಾಂತಿಗೆ ಕಿವಿಯ ಹಿಂದೆ ಅಂಟಿಸುವ ಸ್ಕೋಪೊಲಮೈನ್ ಪಟ್ಟಿ ಅದು. ಸಿಗರೇಟು ಬಿಡುವವರ ನಿಕೋಟಿನ್ ಪಟ್ಟಿ ಆಮೇಲೆ ಬಂತು. ಗಮನಿಸಿ, ಎರಡೂ ಗಿಡದ ಅಂಶಗಳೇ. ಒಂದು ಉಮ್ಮತ್ತಿಯ ಕುಟುಂಬದ್ದು, ಇನ್ನೊಂದು ತಂಬಾಕು. ಒದ್ದೆ ತಂಬಾಕಿನ ಎಲೆ ಕೊಯ್ಯುವ ಕೂಲಿಗಳಿಗೆ ತಲೆಸುತ್ತು, ವಾಂತಿ ಬರುವುದೂ ನಿಕೋಟಿನ್ ಚರ್ಮದಿಂದ ಇಳಿಯೋದಕ್ಕೇ.

ಹಂಗಾದ್ರ ಗುಳಿಗಿ ಬಿಟ್ಟು ಗಿಡಮೂಲಿಕಿ ಪಟ್ಟಿ ಹಚ್ಚಿ ನ್ಯುಮೋನಿಯಾ ವಾಸಿ ಮಾಡಬಹುದಾ?

ಲೆಕ್ಕ ಹಾಕಿ ನೋಡೋಣ. ದೊಡ್ಡ ನಿಕೋಟಿನ್ ಪಟ್ಟಿ ದಿನಕ್ಕೆ 21 ಮಿಲಿಗ್ರಾಂ ದಾಟಿಸುತ್ತದೆ. ಅಮಾಕ್ಸಿಸಿಲಿನ್ 500ರ ಗುಳಿಗೆ ದಿನಕ್ಕೆ ಮೂರು ಅಂದರೆ 1500 ಮಿಲಿಗ್ರಾಂ. ಚರ್ಮ ಸಲೀಸಾಗಿ ಬಿಡುವ ನಿಕೋಟಿನ್ನೇ ಇಷ್ಟಾದರೆ, ಆಂಟಿಬಯಾಟಿಕ್‌ಗಿಂತ ಎಷ್ಟೋ ಪಟ್ಟು ಜಾಸ್ತಿ ಬೇಕಾಗುವ ಗಿಡದ ಅಂಶ ಪಟ್ಟಿಯಿಂದ ಶ್ವಾಸಕೋಶಕ್ಕೆ ಎಲ್ಲಿ ಮುಟ್ಟಬೇಕು? ಆಗದ ಮಾತು. ಚರ್ಮದ ಮೇಲಿನ, ಚರ್ಮದ ಒಳಗಿನ ಸೋಂಕಿಗೆ ಮಾತ್ರ ಈ ದಾರಿಯಲ್ಲಿ ಭರವಸೆ ಇದೆ.

ಯಾವ ಗಿಡದ ಅಂಶ ಚರ್ಮ ದಾಟುತ್ತದೆ, ಯಾವುದು ದಾಟುವುದಿಲ್ಲ?

ಥೈಮಾಲ್ 150 ಡಾಲ್ಟನ್, ಯೂಜೆನಾಲ್ 164. ಇವು ಚಿಕ್ಕವು, ಜಿಡ್ಡಿನಲ್ಲಿ ಕರಗುತ್ತವೆ, ಸಲೀಸಾಗಿ ಇಳಿಯುತ್ತವೆ. ಆದರೆ ಅಷ್ಟೇ ಬೇಗ ಗಾಳಿಗೆ ಹಾರಿ ಹೋಗುತ್ತವೆ. ನಮ್ಮ ಮೇ ತಿಂಗಳ ಬಿಸಿಲಲ್ಲಿ ಕೇಳೋದೇ ಬೇಡ. ಅಲಿಸಿನ್ ಕೂಡ 162, ಆದರೆ ಜಜ್ಜಿಟ್ಟ ಬೆಳ್ಳುಳ್ಳಿಯಲ್ಲಿ ಬಹಳ ಹೊತ್ತು ಉಳಿಯುವುದಿಲ್ಲ.

ಕರ್ಕ್ಯುಮಿನ್ 368. ಗಾತ್ರದಲ್ಲಿ ಪಾಸು, ನೀರಿನ ಪರೀಕ್ಷೆಯಲ್ಲಿ ಫೇಲು. ಮೇಲಿನ ಜಿಡ್ಡಿಗೆ ಸೇರಿಕೊಂಡು ಕೆಳಗಿನ ನೀರಿನಂಶದ ಪದರಕ್ಕೆ ಇಳಿಯಲು ಒಪ್ಪುವುದಿಲ್ಲ. ಮರದರಿಶಿನದ ಬರ್ಬೆರಿನ್ 336. ಅದರ ತೊಡಕು ಬೇರೆ, ಅಣುವಿನ ಮೇಲೆ ವಿದ್ಯುದಂಶ ಇದೆ, ಜಿಡ್ಡು ಅದನ್ನು ಹತ್ತಿರ ಸೇರಿಸುವುದಿಲ್ಲ. ಬೇವಿನ ಅಜಾಡಿರಾಕ್ಟಿನ್ 720, ದಾಟೋದು ಕಷ್ಟ. ಅದು ಮುಖ್ಯವಾಗಿ ಕೀಟಗಳ ಮೇಲೆ ಕೆಲಸ ಮಾಡುವಂಥದ್ದು. ಹೊಲಕ್ಕೆ ಹೊಡೆಯುವ ಬೇವಿನ ಔಷಧದ ಜೀವಾಳ ಅದೇ. ಅಳಲೆಕಾಯಿಯ ಟ್ಯಾನಿನ್‌ಗಳು ಇನ್ನೂ ದೊಡ್ಡವು, 950ರ ಮೇಲೆ. ಅವು ದಾಟುವುದಿಲ್ಲ, ದಾಟಬೇಕಾಗಿಯೂ ಇಲ್ಲ. ಒಸರುವ ಗಾಯದ ಮೇಲ್ಮೈಯನ್ನು ಬಿಗಿಯುವುದು ಅವುಗಳ ಕೆಲಸ, ಅದನ್ನು ಚೆನ್ನಾಗಿ ಮಾಡುತ್ತವೆ.

ಔಡಲ ಎಲಿ ಕಟ್ಟಿದ್ರ ಮದ್ದು ಜಲ್ದಿ ಹತ್ತತದಂತಾರ. ಖರೇನಾ?

ಖರೆ. ಮುಚ್ಚಿ ಕಟ್ಟಿದಾಗ ಬೆವರು ಆರುವುದಿಲ್ಲ. ಮೇಲಿನ ಪದರ ನೀರು ಹೀರಿ ಉಬ್ಬುತ್ತದೆ, ಸಂದಿ ಸಡಿಲವಾಗುತ್ತದೆ, ಮದ್ದು ಜಾಸ್ತಿ ಇಳಿಯುತ್ತದೆ. ಪ್ಲಾಸ್ಟಿಕ್ ಹಾಳೆ ಸುತ್ತಿ ಡಾಕ್ಟರರು ಮಾಡೋದೂ ಇದನ್ನೇ. ಆದರೆ ಜೊತೆಗೆ ಬೇಡದ್ದೂ ಜಾಸ್ತಿ ಇಳಿಯುತ್ತದೆ. ಬೆಳ್ಳುಳ್ಳಿ ಜಜ್ಜಿ ರಾತ್ರಿಯೆಲ್ಲ ಕಟ್ಟಿ ಬೆಳಿಗ್ಗೆ ಬೊಬ್ಬೆ ಎದ್ದವರು ಇದ್ದಾರೆ. ಕೇರು ಬೀಜದ ಎಣ್ಣೆಯಂತೂ ಕಟ್ಟದಿದ್ದರೂ ಸುಡುತ್ತದೆ. ಕೀವು ತುಂಬಿದ ಗಾಯವನ್ನು ಗಾಳಿಯಾಡದಂತೆ ಬಿಗಿದು ಕಟ್ಟಬಾರದು. ಹೊಸದು ಏನೇ ಇರಲಿ, ಮೊದಲು ಮೊಣಕೈ ಒಳಬದಿಗೆ ಚುಕ್ಕೆಯಷ್ಟು ಹಚ್ಚಿ ಎರಡು ದಿನ ನೋಡಿ.

ಹಕೀಮರ ಮರಹಮಿನಾಗ ಮೇಣ, ಎಳ್ಳೆಣ್ಣಿ ಯಾಕ ಹಾಕ್ತಾರ? ಬರೀ ಗಿಡಮೂಲಿಕಿ ಸಾಲಲ್ಲೇನು?

ನನಗೆ ತುಂಬಾ ಇಷ್ಟವಾದ ಪ್ರಶ್ನೆ ಇದು. ಎಲ್ಲರೂ ಮೂಲಿಕೆ ಬಗ್ಗೆ ಕೇಳುತ್ತಾರೆ, ಅದನ್ನು ಹೊತ್ತು ತರುವ ಎಣ್ಣೆ-ಮೇಣದ ಬಗ್ಗೆ ಯಾರೂ ಕೇಳುವುದಿಲ್ಲ. ಕೆಲಸ ಅರ್ಧ ನಡೆಯೋದು ಅಲ್ಲೇ. ಮೇಣ ಚರ್ಮದ ಮೇಲೆ ಮುಚ್ಚಳವಾಗಿ ನೀರು ಆರದಂತೆ ತಡೆಯುತ್ತದೆ. ಎಣ್ಣೆ ಮೂಲಿಕೆಯ ಜಿಡ್ಡಿನಂಶವನ್ನು ಕರಗಿಸಿ ಹರಡುತ್ತದೆ. ಆಯುರ್ವೇದದಲ್ಲಿ ತುಪ್ಪವನ್ನು ತಾಮ್ರದ ಪಾತ್ರೆಯಲ್ಲಿ ನೀರು ಹಾಕಿ ನೂರು ಸಲ ತೊಳೆಯುವ ಶತಧೌತ ಘೃತ ಇದೆ. ಉಜ್ಜುತ್ತಾ ಹೋದ ಹಾಗೆ ಹಳದಿ ತುಪ್ಪ ಬೆಳ್ಳಗಾಗುತ್ತದೆ, ಕಣಕಣ ಹೋಗಿ ನುಣ್ಣಗಾಗುತ್ತದೆ, ತುಪ್ಪದ ವಾಸನೆ ಕಡಿಮೆಯಾಗುತ್ತದೆ. ನೀರಿನ ಸಣ್ಣ ಹನಿಗಳು ತುಪ್ಪದೊಳಗೆ ಸೇರಿಕೊಂಡು ಕ್ರೀಮೇ ಆಗಿರುತ್ತದೆ. ಮಿಕ್ಸರ್ ಇಲ್ಲದ ಕಾಲದ ಒಳ್ಳೆಯ ಫಾರ್ಮಸಿ!

ಒಂದು ಎಚ್ಚರ. ಮೂಲಿಕೆಯ ಅಂಶಕ್ಕೆ ಎಣ್ಣೆ ತೀರಾ ಹಿಡಿಸಿದರೆ ಅದು ಎಣ್ಣೆಯನ್ನು ಬಿಟ್ಟು ಚರ್ಮಕ್ಕೆ ಬರುವುದೇ ಇಲ್ಲ. ಅದಕ್ಕೇ ಜಾಸ್ತಿ ಎಣ್ಣೆ ಹಾಕಿದ ಮುಲಾಮು ಯಾವಾಗಲೂ ಮೇಲು ಅಂತ ಹೇಳಲಾಗದು.

ಡಬ್ಬಿ ಮ್ಯಾಲೆ ನ್ಯಾನೋ ಅಂತ ಬರದಿರ್ತಾರ. ಏನದು, ದುಡ್ಡಿಗಿ ತಕ್ಕಂಗ ಅದ ಏನು?

ಒಂದು ಮಾತಿನೊಳಗೆ ಹತ್ತು ಸರಕು ತುರುಕಿದ್ದಾರೆ. ಲೈಪೊಸೋಮ್ ಅಂದರೆ ಕೊಬ್ಬಿನ ಪೊರೆಯ ಸಣ್ಣ ಗುಳ್ಳೆ, ಒಳಗೆ ಮದ್ದು. ಅದಕ್ಕೆ ಎಥನಾಲ್ ಸೇರಿಸಿ ಮೆತ್ತಗೆ ಮಾಡಿದರೆ ಎಥೊಸೋಮ್, ಚರ್ಮದ ಜಿಡ್ಡನ್ನೂ ಅದು ಸಡಿಲಿಸುತ್ತದೆ. ಎಣ್ಣೆಯ ಹನಿಯನ್ನು ತೀರಾ ಸಣ್ಣಗೆ ಒಡೆದರೆ ನ್ಯಾನೋ ಎಮಲ್ಷನ್. ಕರ್ಕ್ಯುಮಿನ್‌ನಂಥ ನೀರಿಗೆ ಒಲ್ಲದ ಅಂಶಕ್ಕೆ ಇವು ನಿಜಕ್ಕೂ ಸಹಾಯ ಮಾಡುತ್ತವೆ. ಹಾಗಂತ ಗುಳ್ಳೆ ಇಡಿಯಾಗಿ ಚರ್ಮ ತೂರಿ ಹೋಗುತ್ತದೆ ಅಂತಲ್ಲ. ಹೆಚ್ಚಿನವು ಮೇಲೆ, ಕೂದಲ ಬುಡದ ಕುಳಿಗಳಲ್ಲಿ ನಿಂತು ಮದ್ದನ್ನು ನಿಧಾನಕ್ಕೆ ಬಿಡುತ್ತವೆ. ಕೂದಲ ಬುಡದ ಕುರುವಿಗೆ ಅದು ಒಳ್ಳೆಯದೇ.

ಗೋಡೆಯನ್ನೇ ಚುಚ್ಚುವ ದಾರಿಯೂ ಇದೆ. ಮೈಕ್ರೋಸೂಜಿ ಪಟ್ಟಿಯಲ್ಲಿ ಒಂದು ಮಿಲಿಮೀಟರಿಗಿಂತ ಗಿಡ್ಡ ಸೂಜಿಗಳ ಸಾಲು ಇರುತ್ತದೆ. ನೋವಿನ ನರಗಳನ್ನು ಅಷ್ಟಾಗಿ ಮುಟ್ಟದೆ ಸತ್ತ ಪದರ ದಾಟುತ್ತದೆ. ಬರ್ಬೆರಿನ್‌ನಂಥ ವಿದ್ಯುದಂಶದ ಅಣುವನ್ನು ಸಣ್ಣ ಕರೆಂಟಿನಿಂದ ತಳ್ಳುವ ಅಯಾಂಟೊಫೊರೆಸಿಸ್ ಇನ್ನೊಂದು. ಅಂಗಡಿಯ ಡಬ್ಬಿಯಲ್ಲಿ ಇವು ಯಾವುವೂ ಇರುವುದಿಲ್ಲ. ಯಾವ ಅಂಶ, ಎಷ್ಟು ಶೇಕಡಾ ಅಂತ ಬರೆಯದ ನ್ಯಾನೋ ಡಬ್ಬಿಗೆ ನಾನಾದರೆ ದುಡ್ಡು ಕೊಡುವುದಿಲ್ಲ.

### ಇನ್ನೂ ಆಳಕ್ಕೆ

ಗಿಡದಿಂದ ಬಂದ ಹಚ್ಚೋ ಔಷಧಕ್ಕೆ ಎಲ್ಲಾದರೂ ಸರಿಯಾದ ಒಪ್ಪಿಗೆ ಸಿಕ್ಕಿದೆಯಾ?

ಸಿಕ್ಕಿದೆ. ಗ್ರೀನ್ ಟೀ ಎಲೆಯ ಸಾರದ ಮುಲಾಮಿಗೆ 2006ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು, ಜನನಾಂಗದ ನರೂಲಿಗೆ. ಬರ್ಚ್ ಮರದ ತೊಗಟೆಯ ಜೆಲ್‌ಗೆ 2022ರಲ್ಲಿ ಯುರೋಪಿನಲ್ಲಿ, 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಬಂತು. ಅದು ಮುಟ್ಟಿದರೆ ಚರ್ಮ ಕಿತ್ತು ಬರುವ ಹುಟ್ಟು ಕಾಯಿಲೆಯ ಗಾಯಕ್ಕೆ. ಎರಡೂ ಬ್ಯಾಕ್ಟೀರಿಯಾ ಕೊಲ್ಲೋಕೆ ಅಂತ ಒಪ್ಪಿಗೆ ಪಡೆದವಲ್ಲ. ಬ್ಯಾಕ್ಟೀರಿಯಾ ಕಡೆಯಲ್ಲಿ ಹೆಚ್ಚು ಪರೀಕ್ಷೆ ಆಗಿರೋದು ಆಸ್ಟ್ರೇಲಿಯಾದ ಟೀ ಟ್ರೀ ಎಣ್ಣೆಗೆ. ಶೇ. 5ರ ಜೆಲ್ ಮೊಡವೆಗೆ ಬೆಂಜಾಯ್ಲ್ ಪೆರಾಕ್ಸೈಡ್‌ನಷ್ಟೇ ಕೆಲಸ ಮಾಡಿತು, ಆದರೆ ನಿಧಾನವಾಗಿ, ಅಂತ 1990ರಲ್ಲಿ ಅಲ್ಲಿನವರು ವರದಿ ಮಾಡಿದರು.

ಕುಷ್ಠಕ್ಕೆ ಹಿಂದಕ ಯಾವುದೋ ಎಣ್ಣಿ ಹಚ್ಚತಿದ್ರಂತ. ಅದರಿಂದ ವಾಸಿ ಆಗ್ತಿತ್ತಾ?

ಚಾಲಮೂಗ್ರಾ ಎಣ್ಣೆ. ನಮ್ಮ ಪಶ್ಚಿಮ ಘಟ್ಟದ ಗರುಡಫಲವೂ ಅದೇ ಕುಲದ್ದು. ಈ ಇಡೀ ವಿಷಯದ ಪಾಠ ಆ ಎಣ್ಣೆಯ ಕಥೆಯಲ್ಲಿದೆ. ನಮ್ಮಲ್ಲಿ ಹಳೆಯ ಕಾಲದಿಂದ ಬಳಕೆಯಲ್ಲಿತ್ತು. 1854ರಲ್ಲಿ ಕಲ್ಕತ್ತೆಯ ಡಾಕ್ಟರ್ ಫ್ರೆಡೆರಿಕ್ ಮೌಆಟ್ ಇದನ್ನು ಪಾಶ್ಚಾತ್ಯ ವೈದ್ಯರಿಗೆ ಪರಿಚಯಿಸಿದರು. ಹಚ್ಚಿದರೆ ಅಂಟಂಟು, ಒಳಗೆ ಇಳಿಯದು. ಕುಡಿದರೆ ವಾಂತಿ. ಚುಚ್ಚಿದರೆ ಚರ್ಮದ ಕೆಳಗೆ ಗಂಟು ಗಂಟಾಗಿ ನಿಲ್ಲುತ್ತಿತ್ತು. ಎಣ್ಣೆಯಲ್ಲಿ ಗುಣ ಇತ್ತು, ತಲುಪುವ ದಾರಿ ಇರಲಿಲ್ಲ.

1915ರ ಸುಮಾರಿಗೆ ಹವಾಯಿಯಲ್ಲಿ ಆಲಿಸ್ ಬಾಲ್ ಅನ್ನುವ ಇಪ್ಪತ್ಮೂರು ವರ್ಷದ ರಸಾಯನ ಶಾಸ್ತ್ರಜ್ಞೆ ಆ ಎಣ್ಣೆಯ ಕೊಬ್ಬಿನಾಮ್ಲಗಳನ್ನು ಈಥೈಲ್ ಎಸ್ಟರ್ ಮಾಡಿದಳು. ಅದನ್ನು ಚುಚ್ಚಿದರೆ ತೆಳುವಾಗಿ ಮೈಗೆ ಹತ್ತುತ್ತಿತ್ತು. ಮರುವರ್ಷವೇ ಆಕೆ ತೀರಿಕೊಂಡಳು. ಹೆಸರು ಬಹಳ ಕಾಲ ಆಕೆ ಕೆಲಸ ಮಾಡುತ್ತಿದ್ದ ಕಾಲೇಜಿನ ಮುಖ್ಯಸ್ಥನಿಗೆ ಹೋಯಿತು. 1940ರ ದಶಕದಲ್ಲಿ ಸಲ್ಫೋನ್ ಔಷಧಗಳು ಬರುವ ತನಕ ಈ ಚುಚ್ಚುಮದ್ದೇ ನಡೆಯಿತು. ಈಗ ಬಹು ಔಷಧ ಚಿಕಿತ್ಸೆ ಇದೆ, ಸರ್ಕಾರಿ ದವಾಖಾನೆಯಲ್ಲಿ ಪುಕ್ಕಟೆ. ಮೈಮೇಲೆ ಸ್ಪರ್ಶ ಇಲ್ಲದ ಬಿಳಚು ಮಚ್ಚೆ ಕಂಡರೆ ಯಾವ ಎಣ್ಣೆಯನ್ನೂ ಹಚ್ಚಬೇಡಿ, ಆಶಾ ಕಾರ್ಯಕರ್ತೆಗೆ ತೋರಿಸಿ.

ಅರಿಶಿಣದ ಪೇಟೆಂಟ್ ಅಮೆರಿಕದವರ ಹತ್ರ ಅದಂತಲ್ರಿ?

ಇತ್ತು, ಈಗಿಲ್ಲ. ಗಾಯ ಮಾಗಿಸಲು ಅರಿಶಿಣ ಬಳಸೋದಕ್ಕೆ 1995ರಲ್ಲಿ ಅಲ್ಲಿ ಪೇಟೆಂಟ್ ಕೊಟ್ಟರು. ಸರ್ಕಾರಿ ಸಂಶೋಧನಾ ಸಂಸ್ಥೆಗಳ ಒಕ್ಕೂಟವಾದ ನಮ್ಮ ಸಿಎಸ್‌ಐಆರ್ ಹಳೆಯ ಗ್ರಂಥಗಳನ್ನು ತೋರಿಸಿ ವಾದಿಸಿತು, 1997ರಲ್ಲಿ ರದ್ದಾಯಿತು. ಬೇವಿನೆಣ್ಣೆಯ ಶಿಲೀಂಧ್ರನಾಶಕದ ಯುರೋಪ್ ಪೇಟೆಂಟ್ 2000ದಲ್ಲಿ ಬಿತ್ತು.

ಬ್ಯಾಕ್ಟೀರಿಯಾ ಗಿಡದ ಮದ್ದಿಗೆ ಒಗ್ಗಿಕೊಳ್ಳಲ್ಲ, ಅದಕ್ಕೇ ಆಂಟಿಬಯಾಟಿಕ್‌ಗಿಂತ ಮೇಲು ಅಂತಾರಲ್ಲ?

ಅರ್ಧ ನಿಜ. ಬ್ಯಾಕ್ಟೀರಿಯಾಕ್ಕೆ ಒಳಗೆ ಬಂದ ವಿಷವನ್ನು ಹೊರಗೆ ತಳ್ಳುವ ಪಂಪ್‌ಗಳಿವೆ. ಕುರು ಮಾಡುವ ಸ್ಟೆಫೈಲೊಕಾಕಸ್ ಆರಿಯಸ್ ತನ್ನ ನಾರ್-ಎ ಪಂಪ್‌ನಿಂದ ಬರ್ಬೆರಿನ್ ಅನ್ನು ಹೊರಗೆ ಹಾಕುತ್ತದೆ. ಬರ್ಬೆರಿನ್ ಇರುವ ದಾರುಹರಿದ್ರೆಯ ಕುಲದ ಗಿಡಗಳು ಅದಕ್ಕೆ ಪ್ರತಿಯಾಗಿ ಆ ಪಂಪನ್ನೇ ಕಟ್ಟಿಹಾಕುವ ಇನ್ನೊಂದು ಅಂಶ ತಯಾರಿಸುತ್ತವೆ ಅಂತ 2000ದಲ್ಲಿ ಗೊತ್ತಾಯಿತು. ಆ ಅಂಶಕ್ಕೆ ತಾನೇ ಕ್ರಿಮಿ ಕೊಲ್ಲುವ ಶಕ್ತಿ ಇಲ್ಲ, ಬರ್ಬೆರಿನ್ ಜೊತೆ ಸೇರಿದರೆ ಮಾತ್ರ ಪರಿಣಾಮ. ಶುದ್ಧ ಅಂಶಕ್ಕಿಂತ ಇಡೀ ಬೇರಿನ ಸಾರ ಕೆಲವು ಸಲ ಚೆನ್ನಾಗಿ ಕೆಲಸ ಮಾಡಲು ಇಂಥ ಜೋಡಿಗಳೂ ಒಂದು ಕಾರಣ.

ಎಲ್ಲ ಬ್ಯಾಕ್ಟೀರಿಯಾ ಒಂದೇ ಅಲ್ಲ. ಸುಟ್ಟ ಗಾಯದಲ್ಲಿ ಹಸಿರು ಕೀವು ಮಾಡುವ ಸ್ಯೂಡೊಮೊನಾಸ್‌ಗೆ ಇನ್ನೊಂದು ಹೊರಪೊರೆ, ಚುರುಕಾದ ಪಂಪ್‌ಗಳು ಎರಡೂ ಇವೆ. ಗಿಡದ ಅಂಶಗಳಿಗೆ ಅದು ಕ್ಯಾರೇ ಅನ್ನುವುದಿಲ್ಲ. ಹಳೆಯ ಹುಣ್ಣುಗಳಲ್ಲಿ ಬ್ಯಾಕ್ಟೀರಿಯಾ ಲೋಳೆ ಹೊದ್ದು ಗುಂಪಾಗಿ ಕೂತಿರುತ್ತವೆ. ಆ ಲೋಳೆಯನ್ನು ಮೊದಲು ಕೆರೆದು ತೆಗೆಯಬೇಕು, ಅದು ಸರ್ಜನ್ ಕೆಲಸ.

ನಮ್ಮ ಸಂಘದಿಂದ ಬೇವು-ಅರಿಶಿಣದ ಮುಲಾಮು ಮಾಡಿ ಮಾರಬೇಕಂತ ಇದ್ದೀವಿ. ಏನು ಬೇಕು?

ಆಯುರ್ವೇದ ಔಷಧ ಅಂತ ಮಾರಬೇಕಾದರೆ 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯಡಿ ತಯಾರಿಕೆಯ ಲೈಸೆನ್ಸ್ ಬೇಕು. ರಾಜ್ಯದ ಆಯುಷ್ ಇಲಾಖೆಯಲ್ಲಿ ವಿಚಾರಿಸಿ. ಹೊಸ ಗಿಡದ ಔಷಧವನ್ನು ಪರೀಕ್ಷೆಗಳ ಮೂಲಕ ತರುವ ಫೈಟೋಫಾರ್ಮಸ್ಯೂಟಿಕಲ್ ಅನ್ನುವ ದಾರಿ 2015ರಿಂದ ಇದೆ, ಅದಕ್ಕೆ ದೊಡ್ಡ ಬಂಡವಾಳ ಬೇಕು. ಕುಷ್ಠ, ತೊನ್ನು, ಸಕ್ಕರೆ ಕಾಯಿಲೆ ವಾಸಿ ಮಾಡುತ್ತದೆ ಅಂತ ಜಾಹೀರಾತು ಕೊಟ್ಟರೆ ಔಷಧ ಜಾಹೀರಾತಿನ 1954ರ ಕಾಯ್ದೆಯಲ್ಲಿ ಅಪರಾಧ.

ಸರ್, ಪ್ರಾಜೆಕ್ಟಿಗೆ ಬೇವಿನ ಜೆಲ್ ಮಾಡಿದ್ದೇನೆ. ಝೋನ್ ಚೆನ್ನಾಗಿ ಬಂದಿದೆ. ಇಷ್ಟು ಸಾಕಾ?

ಸಾಲದು. ಝೋನ್ ಅಂದರೆ ತಟ್ಟೆಯಲ್ಲಿ ಮದ್ದಿನ ಸುತ್ತ ಬ್ಯಾಕ್ಟೀರಿಯಾ ಬೆಳೆಯದೆ ಉಳಿದ ಖಾಲಿ ವೃತ್ತ. ಮೊದಲು ಬೇವು ಹಾಕದ ಬರೀ ಜೆಲ್ ಅನ್ನು ಪಕ್ಕದ ಗುಳಿಯಲ್ಲಿ ಇಟ್ಟಿದ್ದೀರಾ? ಅದರಲ್ಲಿರುವ, ಕೆಡದಂತೆ ಕಾಯುವ ಪ್ಯಾರಾಬೆನ್, ಆಲ್ಕೋಹಾಲ್ ತಾವೇ ಝೋನ್ ಕೊಡಬಲ್ಲವು. ಎರಡನೆಯದು, ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ಆಗಾರ್ ಅಂದರೆ ಹೆಚ್ಚಾಗಿ ನೀರು. ಜಿಡ್ಡಿನ ಅಂಶ ಅದರಲ್ಲಿ ಹರಡುವುದಿಲ್ಲ. ಹಾಗಾಗಿ ಝೋನ್ ಸಣ್ಣದಾದರೆ ಶಕ್ತಿ ಕಡಿಮೆ ಅಂತಲೂ ಅಲ್ಲ, ದೊಡ್ಡದಾದರೆ ಜಾಸ್ತಿ ಅಂತಲೂ ಅಲ್ಲ. ಆಗಾರ್ ದಪ್ಪ ನಾಲ್ಕು ಮಿಲಿಮೀಟರ್, ಬ್ಯಾಕ್ಟೀರಿಯಾ ದ್ರವದ ಸಾಂದ್ರತೆ 0.5 ಮ್ಯಾಕ್‌ಫಾರ್ಲೆಂಡ್ ಇರದಿದ್ದರೆ ಒಂದು ತಟ್ಟೆಯ ಅಳತೆ ಇನ್ನೊಂದಕ್ಕೆ ಹೊಂದುವುದಿಲ್ಲ.

ದ್ರವದಲ್ಲಿ ಎಂಐಸಿ, ಅಂದರೆ ಬೆಳವಣಿಗೆ ತಡೆಯುವ ಅತಿ ಕಡಿಮೆ ಸಾಂದ್ರತೆ, ತೆಗೆಯಿರಿ. ಮದ್ದು ಕರಗಿಸಲು ಬಳಸುವ ಡಿಎಂಎಸ್‌ಒ ಶೇ. 1 ದಾಟದಿರಲಿ, ಡಿಎಂಎಸ್‌ಒ ಮಾತ್ರ ಇರುವ ಗುಳಿಯೂ ಇರಲಿ. ಅರಿಶಿಣ ಬೆರೆಸಿದ್ದರೆ ಇನ್ನೂ ಹುಷಾರು. ಕರ್ಕ್ಯುಮಿನ್ ಹಳದಿ, ಬೆಳಕಿಗೆ ಹೊಳೆಯುತ್ತದೆ, ಸಿಕ್ಕಿದ ಪ್ರೋಟೀನಿಗೆಲ್ಲ ಅಂಟುತ್ತದೆ. ಬಣ್ಣ ನೋಡಿ ಓದುವ ಪರೀಕ್ಷೆಗಳನ್ನು ಅದು ಮೋಸಗೊಳಿಸಿದ್ದು ಒಂದೆರಡು ಸಲ ಅಲ್ಲ. ಕೊನೆಗೆ ತಟ್ಟೆಗೆ ಹಾಕಿ ಬದುಕಿದ ಕಾಲೊನಿ ಎಣಿಸೋದೇ ಭದ್ರ.

ಫ್ರಾಂಜ್ ಸೆಲ್‌ನಲ್ಲಿ ಕರ್ಕ್ಯುಮಿನ್ ಕೆಳಗೆ ಬರುತ್ತಲೇ ಇಲ್ಲ. ಎಲ್ಲಿ ಎಡವಿದೆ?

ಫ್ರಾಂಜ್ ಸೆಲ್ ಅಂದರೆ ಎರಡು ಗಾಜಿನ ಕೋಣೆಗಳ ನಡುವೆ ಚರ್ಮ ಇಟ್ಟು, ಮೇಲೆ ಹಚ್ಚಿದ ಮದ್ದು ಕೆಳಗೆ ಎಷ್ಟು ಇಳಿಯಿತು ಅಂತ ಅಳೆಯುವ ಸಾಧನ. ಕೆಳಗಿನ ಕೋಣೆಯಲ್ಲಿ ಪಿಎಚ್ 7.4ರ ಫಾಸ್ಫೇಟ್ ಬಫರ್ ತುಂಬಿದ್ದೀರಿ, ಅಲ್ವಾ? ಎಲ್ಲರೂ ಅದನ್ನೇ ತುಂಬುತ್ತಾರೆ. ಕರ್ಕ್ಯುಮಿನ್ ಅದರಲ್ಲಿ ಕರಗುವುದಿಲ್ಲ, ಕರಗಿದ ಚೂರುಪಾರೂ ನೀವು ಸ್ಯಾಂಪಲ್ ತೆಗೆಯುವ ಮೊದಲೇ ಒಡೆದಿರುತ್ತದೆ. ಕರಗಲು ನೆರವಾಗುವ ಟ್ವೀನ್ 80 ಅಥವಾ ಆಲ್ಬುಮಿನ್ ಸೇರಿಸಿ. ಪಿಎಚ್ ಸ್ವಲ್ಪ ಇಳಿಸಿ. ಕೆಳಗಿನ ಸಾಂದ್ರತೆ ಕರಗುವ ಮಿತಿಯ ಹತ್ತನೇ ಒಂದು ಪಾಲು ದಾಟದಂತೆ ನೋಡಿಕೊಳ್ಳಿ. ಬೆಳಕಿಗೆ ಮರೆ ಮಾಡಿ. ಚರ್ಮದ ಮೇಲ್ಮೈ 32 ಡಿಗ್ರಿ ಇರಲಿ. ನಮ್ಮ ಲ್ಯಾಬಿನಲ್ಲಿ ಏಪ್ರಿಲ್ ಮಧ್ಯಾಹ್ನ ಕೋಣೆಯೇ ಅದಕ್ಕಿಂತ ಬಿಸಿ ಇರುತ್ತದೆ, ಬೆಳಿಗ್ಗೆಯೇ ಶುರು ಮಾಡಿ.

ಸೆಲ್ಲೋಫೇನ್ ಹಾಳೆ ಚರ್ಮ ಅಲ್ಲ. ಮದ್ದು ಜೆಲ್ ಬಿಟ್ಟು ಬರುತ್ತದಾ ಅನ್ನೋದನ್ನಷ್ಟೇ ಅದು ಹೇಳುತ್ತದೆ. ಹಂದಿ ಕಿವಿಯ ಚರ್ಮ ಮನುಷ್ಯನದಕ್ಕೆ ಹತ್ತಿರ. ಕಸಾಯಿಖಾನೆಯಿಂದ ತರುವಾಗ ಬಿಸಿನೀರಿಗೆ ಅದ್ದುವ ಮೊದಲೇ ಕೇಳಿ ತೆಗೆದುಕೊಳ್ಳಿ, ಅದ್ದಿದ್ದರೆ ಮೇಲಿನ ಪದರ ಹಾಳಾಗಿರುತ್ತದೆ. ಇಲ್ಲಿ ಮೇಕೆ ಕಿವಿ ಸುಲಭಕ್ಕೆ ಸಿಗುತ್ತದೆ, ಆದರೆ ಕೂದಲು ಜಾಸ್ತಿ, ಕೂದಲ ಬುಡದಿಂದ ಸೋರಿದ್ದೂ ಲೆಕ್ಕಕ್ಕೆ ಸೇರಿಬಿಡುತ್ತದೆ.

ಇನ್ನು, ಕೆಳಗೆ ಬರಲೇಬೇಕು ಅಂತ ಯಾಕೆ ಹಟ? ಚರ್ಮದ ಸೋಂಕಿಗೆ ಮಾಡಿದ ಜೆಲ್ ಚರ್ಮದಲ್ಲೇ ನಿಂತರೆ ಅದೇ ಲಾಭ. ಪ್ರಯೋಗ ಮುಗಿದ ಮೇಲೆ ಮೇಲ್ಮೈ ಒರೆಸಿ, ಅಂಟು ಪಟ್ಟಿಯಿಂದ ಹದಿನೈದು ಇಪ್ಪತ್ತು ಸಲ ಸತ್ತ ಪದರ ಎತ್ತಿ, ಮೊದಲ ಪಟ್ಟಿಯನ್ನು ಬಿಸಾಡಿ. ಉಳಿದ ಪಟ್ಟಿಗಳಲ್ಲಿ ಎಷ್ಟು, ಕೆಳಗಿನ ಜೀವಂತ ಪದರದಲ್ಲಿ ಎಷ್ಟು ಅಂತ ಬೇರೆ ಬೇರೆ ಅಳೆಯಿರಿ. ಒಂದು ಗ್ರಾಂ ಚರ್ಮದಲ್ಲಿ ಸಿಕ್ಕ ಮೈಕ್ರೋಗ್ರಾಂ ಎಷ್ಟು ಅನ್ನೋದನ್ನು ನಿಮ್ಮ ಎಂಐಸಿ ಪಕ್ಕ ಇಟ್ಟು ನೋಡಿ. ಎಂಐಸಿಗಿಂತ ಕಡಿಮೆ ಬಂದರೆ ಮೊದಲು ಜೆಲ್ ಬದಲಿಸಿ, ಥೀಸಿಸ್ ಬರೆಯೋದು ಆಮೇಲೆ.